ಮುದುಕಪ್ಪ ಮಾವನ ಚಂಚಿಯ ಪ್ರಯೋಗ

ಕೊಪ್ಪಳ
೭ ಫೆಬ್ರವರಿ ೧೯೮೬, ಶುಕ್ರವಾರ

ಶ್ರೀಮತ್ ಸಕಲಗುಣಸಂಪನ್ನ, ಹನುಮಸಾಗರ ಸೀಮೆಯ ಪಂಚರ ಕಟ್ಟೆಯ ಸಿಂಹಾಸನಾಧೀಶ್ವರ, ಎರಡು ಎತ್ತು ಒಂದು ಎಮ್ಮೆಯ ಏಕಚ್ಛತ್ರಾಧಿಪತಿ, ಶತ್ರುಭಯಂಕರ ಮೀಸೆಯ ಪೋಷಕ, ನನ್ನ ಅವ್ವನ ಒಬ್ಬನೇ ಅಣ್ಣನಾದ ಶ್ರೀ ಮುದುಕಪ್ಪ ಮಾವನವರ ದಿವ್ಯಪಾದಗಳಿಗೆ, ಕೊಪ್ಪಳದ ಇಲಿಗಳ ಸಂಸ್ಥಾನದ ದಿವಾನಳಾದ ಯಮನೂರಮ್ಮಳು ನೆಲ ಮುಟ್ಟಿ ಮಾಡುವ ಶರಣಾರ್ಥಿ.

ಇಲ್ಲಿ ನಲವತ್ತೊಂದು ಬಿಳಿ ಇಲಿಗಳು ಕ್ಷೇಮ. ನಿಮ್ಮ ಅಳಿಯ, ನನ್ನ ಅಣ್ಣ ಯಂಕೋಬನೂ ಕ್ಷೇಮ. ನಿನ್ನೆ ತಾನೇ ಲೋಟ ಹಿಡಿದು ಚಹಾ ಕುಡಿದ. ಅಂಗಿಯ ಮೇಲೆ ಮೂರೇ ಹನಿ ಬಿದ್ದವು.

ಬರುವ ಮಂಗಳವಾರ ನೀವು ಪಂಚರನ್ನು ಕೂಡಿಸಿ, ನಿಮ್ಮ ಮಗಳು ಭೀಮಕ್ಕನಿಗೆ ನನ್ನ ಅಣ್ಣನಿಂದ ಸೋಡಚೀಟಿ ಬರೆಸಿ, ಅವರ ಲಗ್ನವನ್ನು ಹರಿಯುವವರಿದ್ದೀರಿ ಎಂದು ತಿಳಿಯಿತು. ಆ ಚೀಟಿ ಬರೆಯಕೂಡದು. ಇದು ವಿನಂತಿ ಅಲ್ಲ, ಮಾವ. ವಿನಂತಿಯನ್ನು ಹೋದ ವಾರ ನಿಮ್ಮ ಪಡಸಾಲೆಯಲ್ಲಿ ಮೂರು ದಿನ ಕೂತು ಮಾಡಿ ಮುಗಿಸಿದ್ದೇನೆ. ಪಂಚರಿಗೆ ಓದಿ ಹೇಳಲು ಅನುಕೂಲವಾಗಲೆಂದು ಸಂಗತಿಯನ್ನು ಮೊದಲಿನಿಂದ ಬರೆಯುತ್ತೇನೆ. ತಾವು ಕನ್ನಡಕ ಹಾಕಿಕೊಳ್ಳುವುದು.

ಯಂಕೋಬ ಗಂಗಾವತಿಯ ಅಕ್ಕಿ ಗಿರಣಿಗೆ ಚೀಲ ಹೊರಲು ಹೋದ. ದಿನಕ್ಕೆ ನೂರು ಚೀಲ ಹೊತ್ತ ಬೆನ್ನಿಗೆ ಸೇಂದಿ ಬೇಕಾಯಿತು. ಆ ಸೇಂದಿ ಈಚಲ ಮರದ್ದಲ್ಲ. ನೀರಿಗೆ ನಿದ್ದೆಯ ಪುಡಿ ಬೆರೆಸಿ ಸೇಂದಿ ಎಂದು ಮಾರುವ ಮಾಲು. ಎರಡು ವರ್ಷ ಕುಡಿದ. ಹೋದ ತಿಂಗಳು ನೀವು ಅವನನ್ನು ಹುಲಿಗಿಗೆ ಒಯ್ದು, ಹೊಳೆಯಲ್ಲಿ ಮುಳುಗಿಸಿ, ಹುಲಿಗೆಮ್ಮನ ಭಂಡಾರ ಮುಟ್ಟಿಸಿ, ಇವತ್ತಿನಿಂದ ಒಂದು ಹನಿಯನ್ನೂ ಮುಟ್ಟೆನೆಂದು ಆಣೆ ಮಾಡಿಸಿದಿರಿ. ಅವನು ಮನಸ್ಸಿನಿಂದಲೇ ಮಾಡಿದ. ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ಗೋಡೆಯ ತುಂಬ ಕೆಂಪಿರುವೆ ಹರಿಯುತ್ತಿವೆ ಎಂದು ಬರಿಗೈಯಿಂದ ಗೋಡೆ ಒರೆಸಿದ, ಸತ್ತ ಎಮ್ಮೆಯನ್ನು ಹೆಸರು ಹಿಡಿದು ಕರೆದ, ಕೈಕಾಲು ಸೆಟೆದು ಬಿದ್ದ. ಎಚ್ಚರ ಬಂದಾಗ ಗಿರಣಿಯ ಗೆಳೆಯನೊಬ್ಬ ಬಾಯಿಗೆ ಅರ್ಧ ಸೀಸೆ ಹಿಡಿದ. ನಡುಕ ನಿಂತಿತು.

ಆಗ ನೀವು ನಮ್ಮೂರಿಗೆ ಬಂದು ಕಟ್ಟೆಯ ಮೇಲೆ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ದೇವಿ ಭಂಡಾರ ಮುಟ್ಟಿ ಮಾತು ಕೊಟ್ಟಾಂವ ನಾಕು ದಿನದಾಗ ಮುರದಾನ. ಇಂಥಾವನ ಮನ್ಯಾಗ ನನ್ನ ಮಗಳು ಯಾಕ ಇರಬೇಕು?" ಅಂದಿರಿ. ಭೀಮಕ್ಕನನ್ನೂ ಕೂಸನ್ನೂ ಬಂಡಿ ಹತ್ತಿಸಿದಿರಿ. ಅವಳು ಊರು ದಾಟುವ ತನಕ ಹಿಂದಕ್ಕೆ ತಿರುಗಿಯೇ ಕೂತಿದ್ದಳು. ನೀವು ಮುಂದೆ ಎತ್ತು ಹೊಡೆಯುತ್ತಿದ್ದಿರಿ, ನೋಡಲಿಲ್ಲ.

ನಾನು ಅಣ್ಣನನ್ನು ಕೊಪ್ಪಳಕ್ಕೆ, ನಮ್ಮ ಡಾಕ್ಟರ್ ತಾಜಬೀ ಅವರ ಹತ್ತಿರ ತಂದೆ. "ಇಲಿ ಕೊಯ್ಯೋ ಬಾಯಿ" ಎಂದು ನೀವು ಹೆಸರಿಟ್ಟಿರುವ ಈ ವಿದ್ವಾಂಸೆ ಯಲಬುರ್ಗಿಯ ಗಾಣದವರ ಮಗಳು. ಅಮಲು ಮಿದುಳಿಗೆ ಏನು ಮಾಡುತ್ತದೆ ಎಂಬುದರ ಮೇಲೆ ಹನ್ನೆರಡು ವರ್ಷ ಕೆಲಸ ಮಾಡಿದವರು. ಗಂಗಾವತಿಯ ಪುಡಿಯ ಸುದ್ದಿ ಕೇಳಿ ಇಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು ಇಲಿಗಳೊಂದಿಗೆ ಬಂದಿಳಿದರು. ಬಿ.ಎಸ್ಸಿ. ಪಾಸಾಗಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನನಗೆ ಪಂಜರ ತೊಳೆಯುವ, ಕಂಡದ್ದನ್ನು ಬರೆದಿಡುವ ನೌಕರಿ ಕೊಟ್ಟರು.

ನಮ್ಮಲ್ಲಿ ಇಲಿಗಳಿಗೆ ಒಂದು ತಿಂಗಳು ಆ ಪುಡಿಯ ನೀರು ಕುಡಿಸುತ್ತೇವೆ. ಆಮೇಲೆ ಕೆಲವಕ್ಕೆ ಒಮ್ಮೆಲೇ ನಿಲ್ಲಿಸುತ್ತೇವೆ, ಕೆಲವಕ್ಕೆ ದಿನಕ್ಕಿಷ್ಟು ಕಡಿಮೆ ಮಾಡುತ್ತೇವೆ. ಒಮ್ಮೆಲೇ ನಿಲ್ಲಿಸಿದವು ನಡುಗುತ್ತವೆ, ಸೆಟೆಯುತ್ತವೆ. ಏಳನೇ ನಂಬರಿನದು ನನ್ನ ಅಂಗೈಯಲ್ಲೇ ಸತ್ತಿತು. ಸಾವಕಾಶ ಬಿಡಿಸಿದವು ಈಗಲೂ ಜೋಳ ಕಡಿಯುತ್ತಿವೆ. ಇವುಗಳಲ್ಲಿ ಒಂದೂ ಆಣೆ ಮಾಡಿರಲಿಲ್ಲ, ಆದ್ದರಿಂದ ಒಂದೂ ಪಾಪಿಯಲ್ಲ.

ಇದರ ಅರ್ಥ ಕೇಳಿದ್ದಕ್ಕೆ ಮೇಡಂ ನನಗೆ ಹೇಳಿದ್ದು ಇಷ್ಟೇ: "ಏತದ ಒಂದು ತುದಿ ಮ್ಯಾಲೆ ದಿನಾ ಭಾರ ಹೇರಿದ್ರ, ಮಿದುಳು ಇನ್ನೊಂದು ತುದೀಗೆ ಅಷ್ಟ ಭಾರ ಕಟ್ಟತೈತವಾ. ಈಕಡಿ ಭಾರ ಒಮ್ಮೆಲೇ ಕಡದ್ರ ಆಕಡಿದು ಧಡ್ ಅಂತ ಬೀಳತೈತಿ. ಅದರ ಕೆಳಗ ನಿಂತಾಂವ ಸಾಯತಾನ. ಆ ಅರ್ಧ ಸೀಸೆ ಕುಡೀಲಿಲ್ಲಂದ್ರ ನಿಮ್ಮಣ್ಣ ಉಳೀತಿದ್ದಿಲ್ಲ."

ಇನ್ನೊಮ್ಮೆ ಓದಿ, ಮಾವ. ಆಣೆ ಮುರಿದದ್ದಕ್ಕೇ ಅವನು ಬದುಕಿದ್ದಾನೆ. ಆಣೆ ಪಾಲಿಸಿದ್ದರೆ ಭೀಮಕ್ಕನಿಗೆ ಚೀಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ದೇವಿಯನ್ನು ನಾನು ಜರಿಯುವುದಿಲ್ಲ, ನಾನೂ ಅವಳಿಗೆ ನಡೆದುಕೊಳ್ಳುವವಳೇ. ಆದರೆ ಒಮ್ಮೆಲೇ ಬಿಡು ಎಂದದ್ದು ದೇವಿಯಲ್ಲ, ನೀವು. ಈಗ ದವಾಖಾನೆಯ ಡಾಕ್ಟರು ಅಳೆದು ಕೊಡುವ ಔಷಧವನ್ನು ಮೇಡಂ ಹೇಳಿದಂತೆ ದಿನದಿನಕ್ಕೆ ಇಳಿಸುತ್ತಿದ್ದಾರೆ. ಇನ್ನು ಹನ್ನೊಂದು ದಿನ ಬಾಕಿ. ಅದರ ನಡುವೆ ಹೆಂಡತಿ ಬಿಟ್ಟಳೆಂಬ ಕಾಗದ ಸಹಿಗೆಂದು ಅವನ ಕೈಗೆ ಬಂದರೆ ಅವನು ನೇರ ಗಂಗಾವತಿಯ ಬಸ್ಸು ಹತ್ತುತ್ತಾನೆ. ಇದಕ್ಕೆ ಇಲಿಯ ಸಾಕ್ಷಿ ಬೇಡ.

ಇದನ್ನೆಲ್ಲ ನಿಮ್ಮ ಪಡಸಾಲೆಯಲ್ಲಿ ಹೇಳಿದಾಗ ನೀವು ತಂಬಾಕಿಗೆ ಸುಣ್ಣ ತೀಡುತ್ತ, "ಗಂಡಸಾದಾಂವ ಮನಸ್ಸು ಗಟ್ಟಿ ಮಾಡಿದ್ರ ಸಾಕು, ಎಲ್ಲಾ ಬಿಡತೈತಿ" ಅಂದಿರಿ. ಅಂದು ತಂಬಾಕನ್ನು ದವಡೆಗೆ ಒತ್ತಿಕೊಂಡಿರಿ. ಆ ಕ್ಷಣದಲ್ಲಿ ವಿಜ್ಞಾನವು ನನ್ನನ್ನು ಕರೆಯಿತು.

ನಿಮ್ಮ ಎಲೆ ತಂಬಾಕಿನ ಚಂಚಿ ಕಳೆದುಹೋದದ್ದು ಬೆಕ್ಕಿನಿಂದಲ್ಲ. ನನ್ನಿಂದ. ಅಂಗಡಿಯ ದಾವಲಬೀ ನಿಮಗೆ ತಂಬಾಕು ತೀರಿದೆ ಎಂದದ್ದೂ ನಾನು ಕೈಮುಗಿದು ಕೇಳಿಕೊಂಡದ್ದರಿಂದ. ವರದಿ ಇಂತಿದೆ. ಪ್ರಾಣಿ: ಒಂದು, ಗಂಡು, ವಯಸ್ಸು ಅರವತ್ತೆರಡು, ಮೀಸೆ ಉಂಟು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಪ್ರಾಣಿಯು ಎತ್ತಿಗೆ ಬೈಯಿತು, ಎತ್ತು ಏನೂ ಮಾಡಿರಲಿಲ್ಲ. ಸಾರಿಗೆ ಉಪ್ಪಿಲ್ಲವೆಂದು ಭೀಮಕ್ಕನ ಮೇಲೆ ಹರಿಹಾಯಿತು, ಉಪ್ಪು ಸರಿಯಾಗಿತ್ತು. ಎರಡನೆಯ ದಿನ ಕುಷ್ಟಗಿಯಲ್ಲಿ ಕೆಲಸವಿದೆ ಎಂದು ಹೊರಟು, ಬಸ್ಸು ಕೆಟ್ಟದ್ದರಿಂದ ಬಿಸಿಲಲ್ಲಿ ಎರಡು ಮೈಲು ನಡೆದು, ಎದೆ ಹಿಡಿದುಕೊಂಡು ತಿರುಗಿ ಬಂದಿತು. ಕೆಲಸ ಏನೆಂದು ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಮನೆಯನ್ನೆಲ್ಲ ಜಾಲಾಡಿದ ಮೇಲೆ, ಕೇವಲ ವಾಸನೆಯ ಬಲದಿಂದ, ತನ್ನ ಕಂಬಳಿಯ ಮಡಿಕೆಯಲ್ಲಿ ನಾನು ಅಡಗಿಸಿಟ್ಟಿದ್ದ ಚಂಚಿಯನ್ನು ಹುಡುಕಿ ತೆಗೆದು ಪ್ರಯೋಗವನ್ನು ಮುಗಿಸಿತು. ತೀರ್ಮಾನ: ಮಿದುಳಿಗೆ ಬೇಕಾದುದನ್ನು ಮಿದುಳು ಪಡೆದೇ ತೀರುತ್ತದೆ. ಅದು ಪಂಚರ ಮನೆಯ ಮಿದುಳೇ ಇರಲಿ, ಹಮಾಲರ ಮಿದುಳೇ ಇರಲಿ.

ಅದು ಬರೀ ತಂಬಾಕು, ಮಾವ. ನಿಮ್ಮ ಗೋಡೆಯ ಮೇಲೆ ಕೆಂಪಿರುವೆ ಹರಿಯಲಿಲ್ಲ.

ಆದ್ದರಿಂದ ನನ್ನ ಶರತ್ತು. ಮಂಗಳವಾರದೊಳಗೆ ಭೀಮಕ್ಕನನ್ನೂ ಕೂಸನ್ನೂ ಕೊಪ್ಪಳದ ಬಸ್ಸು ಹತ್ತಿಸಬೇಕು. ಇಲ್ಲವಾದರೆ ನಾನೇ ಬಂದು ಕಟ್ಟೆ ಹತ್ತಿ ಮೇಲಿನ ವರದಿಯನ್ನು ಎತ್ತು, ಉಪ್ಪು, ಕುಷ್ಟಗಿ ಸಮೇತ ಊರಿಗೆ ಓದಿ ಹೇಳುತ್ತೇನೆ. ಹೆಣ್ಣುಮಕ್ಕಳು ಕಟ್ಟೆ ಹತ್ತಬಾರದು ಎಂಬ ರೂಢಿ ನನಗೆ ಗೊತ್ತು. ಹತ್ತುತ್ತೇನೆ. ಭೀಮಕ್ಕನನ್ನು ಒಂದು ಮಾತು ನೀವು ಕೇಳಿದ್ದೀರಾ? ನಾನು ಕೇಳಿದೆ. ಒಲೆ ಊದುತ್ತಲೇ ಅಂದಳು: "ಅವರು ಚೀಟಿ ಬರಸಲಿ ಯವ್ವಾ. ನನ್ನ ಕೈಗೆ ಕೊಟ್ರ ಇದ ಒಲಿಗೆ ಹಾಕತೀನಿ. ನಮ್ಮಪ್ಪಗ ಎದುರು ನಿಂತು ಹೇಳಾಕ ಮಾತ್ರ ನನಗ ಬಾಯಿಲ್ಲ." ಅವಳಿಗೆ ಬಾಯಿಲ್ಲವಾದ್ದರಿಂದ ನನ್ನದನ್ನು ಎರವಲು ಕೊಟ್ಟಿದ್ದೇನೆ. ಅದು ದೊಡ್ಡದೆಂದು ನೀವೇ ಅನೇಕ ಸಲ ಹೇಳಿದ್ದೀರಿ.

ಇಂತಿ ತಮ್ಮ ಆಜ್ಞೆಯನ್ನು ಈ ಒಂದು ಸಲ ಧಿಕ್ಕರಿಸುವ,
ತಂಗಿಯ ಮಗಳು
ಯಮನೂರಮ್ಮ

ತಾ.ಕ.: ಮೂರನೆಯ ದಿನದ ವರದಿ ಸುಳ್ಳು. ಚಂಚಿಯನ್ನು ನಾನು ಮೊದಲು ಇಟ್ಟದ್ದು ಜೋಳದ ಚೀಲದ ತಳದಲ್ಲಿ, ನಿಮಗೆ ಸುಗ್ಗಿಯವರೆಗೂ ಸಿಗುತ್ತಿರಲಿಲ್ಲ. ಎರಡನೆಯ ದಿನ ಸಂಜೆ ನೀವು ಕೂಸಿಗೆ ಹಾಲು ಕುಡಿಸಲು ಹೋದಾಗ ನಿಮ್ಮ ಕೈಯಲ್ಲಿ ಬಟ್ಟಲು ನಡುಗಿ ಹಾಲು ಚೆಲ್ಲಿತು. ನೀವು ಯಾರೂ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಕೂತಿರಿ. ಬರೆಯುವುದು ನನ್ನ ಕೆಲಸ, ಆದರೆ ಆಗ ಬರೆಯಲಾಗಲಿಲ್ಲ. ಎದ್ದು ಹೋಗಿ, ಚಂಚಿಯನ್ನು ತೆಗೆದು, ಮುಂಜಾನೆ ನಿಮ್ಮ ಕೈ ಮೊದಲು ಹೋಗುವ ಕಂಬಳಿಯ ಮಡಿಕೆಯಲ್ಲಿ ನಾನೇ ಇಟ್ಟೆ. ಮೇಡಂಗೆ ಗೊತ್ತಾಗಿ ಆ ವರದಿಗೆ ಅಡ್ಡಗೆರೆ ಎಳೆದಿದ್ದಾರೆ. ಮಂಗಳವಾರ ನಾನು ಕಟ್ಟೆ ಹತ್ತಿದರೆ, ಇದನ್ನು ತೋರಿಸಿ ನೀವು ನನ್ನನ್ನು ಸುಳ್ಳಿ ಎನ್ನಬಹುದು.