ಅಮ್ಮನ ನಲವತ್ತು ನಿಮಿಷ

ಅಮ್ಮಾ,

ಇವತ್ತು ಮಧ್ಯಾಹ್ನ ಅಕ್ಕ ನನ್ನ ಸ್ಟುಡಿಯೋಗೆ ಬಂದಿದ್ದಳು. ನೀನು ಹೋಗಿ ಐದು ತಿಂಗಳಾಯಿತು, ಅದಾದ ಮೇಲೆ ಅವಳು ಬಂದದ್ದು ಇದೇ ಮೊದಲು. ಬಾಗಿಲಲ್ಲೇ ನಿಂತು, "ಅಮ್ಮನ ಧ್ವನಿ ನಿನ್ನ ಹತ್ರ ಇದೆಯಲ್ಲ, ಒಂದ್ಸಲ ಕೇಳಿಸೇ" ಅಂದಳು.

ಕೊನೆಯ ವರ್ಷ ನಿನ್ನನ್ನು ಮೈಕಿನ ಮುಂದೆ ಕೂರಿಸಿ ಮಾಡಿದ ರೆಕಾರ್ಡಿಂಗ್‌ನಲ್ಲಿ ನಲವತ್ತು ನಿಮಿಷ ಉಳಿದಿದೆ. ಹಾಕಿದೆ. ಅಕ್ಕ ಕಣ್ಣು ಮುಚ್ಚಿ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ, "ಬರೀ ಆ, ಊ, ಉಸಿರು. ಅಮ್ಮ ಮಾತಾಡಿದ್ದೆಲ್ಲಿ?" ಎಂದಳು.

ಮಾತು ಕಿವಿಗೆ ಬಿದ್ದರೆ ಜನ ಅರ್ಥದ ಹಿಂದೆ ಹೋಗುತ್ತಾರೆ, ಧ್ವನಿಯನ್ನು ಕೇಳುವುದಿಲ್ಲ ಎಂದು ನಂಬಿದವಳು ನಾನು. ಹಾಗಾಗಿ ರೆಕಾರ್ಡ್ ಮಾಡಿದ ದಿನ ಸಂಜೆಯೇ ನಿನ್ನ ಮಾತನ್ನೆಲ್ಲ ಕತ್ತರಿಸಿ ಅಳಿಸಿ, ಸ್ವರವನ್ನಷ್ಟೇ ನಾನು ಕಟ್ಟುವ ಸಂಗೀತಕ್ಕೆ ಉಳಿಸಿಕೊಂಡೆ. "ಗಂಟಲು ಡಾಕ್ಟರ್ ಥರ ಬರೀ ಆ ಅನ್ನಿಸ್ತೀಯಲ್ಲೇ" ಎಂದು ನೀನು ನಕ್ಕಿದ್ದೂ ಹಾಗೇ ಅಳಿಸಿಹೋಯಿತು.

ಅಕ್ಕ ಬಿಡಲಿಲ್ಲ. ಒಂದೊಂದೇ ಫೈಲು ತೆರೆಸಿದಳು. ನನ್ನ ಕೈ ತಪ್ಪಿ ಒಂದರಲ್ಲಿ ಎರಡು ಸಾಲು ಮಾತು ಉಳಿದುಬಿಟ್ಟಿತ್ತು.

"ನಿಂಗೊಂದು ವಿಷಯ ಹೇಳ್ಬೇಕಿತ್ತು ಕಣೇ" ಎನ್ನುತ್ತೀಯ ನೀನು.

"ಆಮೇಲೆ ಹೇಳಮ್ಮ, ಈಗ ಸ್ವರ ಹಿಡಿ" ಎನ್ನುತ್ತೇನೆ ನಾನು.

ಅಕ್ಕ ನನ್ನ ಕೈ ಹಿಡಿದುಕೊಂಡಳು. "ಏನಂತೆ ವಿಷಯ?"

ನನಗೆ ಗೊತ್ತಿಲ್ಲ, ಅಮ್ಮಾ. ಆಮೇಲೆ ನೀನು ಹೇಳಿದೆಯೋ, ನಾನು ಕೇಳುವುದನ್ನೇ ಮರೆತೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಫೈಲಿನಲ್ಲಿ ಮುಂದೆ ಇರುವುದು, ನಾನು ಹೇಳಿದಂತೆ ನೀನು ಹಿಡಿದ ಉದ್ದನೆಯ ಸ್ವರ. ಎಲ್ಲೂ ನಡುಗಿಲ್ಲ. ಆ ಫೈಲಿಗೆ ಅವತ್ತು ನಾನು ಕೊಟ್ಟ ಹೆಸರು, 'ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು.'