ಅತ್ತೆಗೆ ಅಡ್ಡ ನಿಂತವರು

ಮಾರ್ಚ್ 3, ಸೋಮವಾರ

ಮತ್ತೆ ಖಾಲಿ. ಬಚ್ಚಲಿನಲ್ಲಿ ತೊಳೆದ ಇಡೀ ಫಿಲ್ಮ್ ರೋಲ್ ಗಾಜಿನ ಹಾಗೆ, ಒಂದು ಚಿತ್ರವೂ ಇಲ್ಲ. ಚಿತ್ರ ಮೂಡಿಸುವ ಡೆವಲಪರ್ ಮೊದಲು, ಅದನ್ನು ಉಳಿಸುವ ಫಿಕ್ಸರ್ ಆಮೇಲೆ — ಮಗ್ಗಿಯಂತೆ ಬಾಯಿಪಾಠ. ಆದರೂ ಫಿಕ್ಸರನ್ನೇ ಮೊದಲು ಸುರಿದಿದ್ದೇನೆ. ಕಾರಣ ಅತ್ತೆ. ಬಾಟಲಿಗಳ ಮೇಲಿದ್ದ ಚೀಟಿಗಳನ್ನು ನೆನೆಸಿ, ಕೆರೆದು, ಫಳಫಳ ಎನಿಸಿಟ್ಟಿದ್ದಾರೆ.

"ಎಷ್ಟು ಚೆಂದದ ಬಾಟ್ಲಿ. ಚೀಟಿ ಅಂಟಿಸಿ ಅಂದಗೆಡಿಸಿದ್ದೆ."

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಷ್ಟು ವರ್ಷ ದುಡಿದಿದ್ದೇನೆ, ಒಂದು ಟ್ಯೂಬ್ ಅದಲುಬದಲಾಗಿಲ್ಲ. ಮನೆಯಲ್ಲಿ ಎರಡು ಬಾಟಲಿ ನಿಭಾಯಿಸಲು ಆಗಲಿಲ್ಲ. ಇವರಂತೂ ಬಚ್ಚಲಿನ ಬಾಗಿಲ ಹೊರಗೆ ಟವೆಲ್ ಹೊತ್ತು ನಿಂತು, "ನನ್ನ ಸ್ನಾನ ಆದ್ಮೇಲೆ ಫೋಟೊಗಳಿಗೆ ಸ್ನಾನ ಮಾಡಿಸಬಾರದಾ?" ಎಂದರು. ಗಂಡ ಅಂತ ಸುಮ್ಮನಾದೆ.

ಮಾರ್ಚ್ 4

ಡೆವಲಪರ್ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಫಿಕ್ಸರ್‌ಗೆ ಎರಡು. ಅದನ್ನೂ ಕಿತ್ತರೆ ನಾನು ಮನೆ ಬಿಡುತ್ತೇನೆ.

ಮಾರ್ಚ್ 9, ಭಾನುವಾರ

ಅತ್ತೆ ಒಂದು ಚರ್ಮದ ಚೀಲ ತಂದು ಮೇಜಿನ ಮೇಲೆ ಕುಕ್ಕಿದರು. ಮಾವನ ಕ್ಯಾಮೆರಾ! ಇಷ್ಟು ದಿನ ಕೆಟ್ಟ ರೇಡಿಯೊ, ಕೆಟ್ಟ ಗಡಿಯಾರಗಳ ಕಪಾಟಿನಲ್ಲಿ ಇತ್ತಂತೆ. ಮಾವ ಬದುಕಿದ್ದಷ್ಟು ದಿನ ಕೆಟ್ಟದ್ದನ್ನು ರಿಪೇರಿಗೂ ಕೊಟ್ಟವರಲ್ಲ, ಎಸೆದವರೂ ಅಲ್ಲ.

"ನಿನ್ನ ಕೈಗೆ ಸಿಕ್ಕಿದ್ದೆಲ್ಲ ಹಾಳಾಗ್ತಿದೆಯಲ್ಲ. ಇದನ್ನೂ ಹಾಳು ಮಾಡು."

ಎಷ್ಟು ಫೋಟೊ ಆಯಿತೆಂದು ಎಣಿಸುವ ಕೌಂಟರ್ 31ರಲ್ಲಿ ನಿಂತಿದೆ. ಫಿಲ್ಮನ್ನು ವಾಪಸ್ ಸುತ್ತುವ ಎಡಗಡೆಯ ಗುಂಡಿ ತಿರುಗಿಸಿದೆ, ಬಿಗಿ ಹತ್ತಿತು. ಒಳಗೆ ಫಿಲ್ಮ್ ಇದೆ ಎಂದೆ. ಅತ್ತೆ ಮೂಗಿನಲ್ಲೇ ನಕ್ಕರು.

"ಇದ್ರೆ ನಿನ್ನ ಮಾವನ ಸೈಕಲ್ದು ಇರತ್ತೆ, ಅವರಿಗೆ ಅದೇ ಪ್ರಾಣ. ನನ್ನದಂತೂ ಇಲ್ಲ. ಆಗಿನ್ನೂ ಹೊಸದಾಗಿ ಬಂದಿದ್ದೆ ಈ ಮನೆಗೆ. ಫೋಟೊ ತೆಗೀತೀನಿ ಅಂತ ಕಿಟಕಿ ಪಕ್ಕ ಕೂರಿಸಿದ್ರು. ಉಸಿರಾಡಬೇಡ ಅಂದ್ರು, ಮಾತಾಡಬೇಡ ಅಂದ್ರು. ಕುತ್ತಿಗೆ ಹಿಡ್ಕೊಂಡೋಯ್ತು. ಆಮೇಲೆ ಫಿಲ್ಮ್ ಕೆಟ್ಟೋಯ್ತು ಅಂದ್ರು! ಫಿಲ್ಮೂ ಇರಲಿಲ್ಲ, ಗಿಲ್ಮೂ ಇರಲಿಲ್ಲ. ನನ್ನ ಬಾಯಿ ಮುಚ್ಚಿಸೋಕೆ ಅಷ್ಟೂ ನಾಟಕ."

ನಗುತ್ತಲೇ ಹೇಳಿದರು. ಆದರೆ ನಲವತ್ತು ವರ್ಷದ ಹಿಂದಿನದನ್ನು ಇವತ್ತು ಬೆಳಿಗ್ಗೆ ನಡೆದಂತೆ ಹೇಳಿದರು. ಪಾಪ ಅನ್ನಿಸಿತು. ಆ ಫೋಟೊ ಇದರಲ್ಲಿರಲಿ ದೇವರೇ.

ಅದೇ ದಿನ, ಸಂಜೆ

ಹಿಂಬಾಗಿಲು ತೆರೆದರೆ ಬೆಳಕು ಬಿದ್ದು ಎಲ್ಲ ಹಾಳು. 36ರ ರೋಲ್ ಆದರೆ ಇನ್ನೂ ಐದು ಬಾಕಿ. ಅದನ್ನು ಮುಗಿಸಿಯೇ ತೊಳೆಯುವುದು. ಜಿಪುಣತನ ನನಗೆ ತವರಿನ ಬಳುವಳಿ.

ಮಾರ್ಚ್ 16

ಬೆಕ್ಕು. ಕುಕ್ಕರ್. ಇವರ ಕಿವಿ — ಪೇಪರಿನಿಂದ ಮುಖ ಎತ್ತಲೇ ಇಲ್ಲ, ಸಿಕ್ಕಿದ್ದು ಅಷ್ಟೇ. ಅತ್ತೆಯ ಬೆನ್ನು, ಕ್ಯಾಮೆರಾ ಕಂಡರೆ ತಿರುಗಿ ನಿಲ್ಲುತ್ತಾರೆ. ಫಿಲ್ಮ್ ಮುಂದೆ ಸರಿಸುವ ಬಲಗಡೆಯ ಲಿವರ್ ಎಳೆದಾಗ ಎಡಗಡೆಯ ಗುಂಡಿ ತಿರುಗಬೇಕು, ತಿರುಗುತ್ತಿಲ್ಲ. ವಯಸ್ಸಾಗಿದೆ, ಪಾಪ. ಕೌಂಟರ್ ಮಾತ್ರ ಚುರುಕು.

ಮಾರ್ಚ್ 23

36 ಆಯಿತು. ಫಿಲ್ಮ್ ಮುಗಿಯುತ್ತಿಲ್ಲ. 37… 38! ಅಕ್ಷಯಪಾತ್ರೆ. ಇವರಿಗೆ ತೋರಿಸಿ ಬೀಗಿದೆ. "ಆಗಿನ ಕಾಲದವ್ರು ಕೈ ಬಿಚ್ಚಿ ಕೊಡ್ತಿದ್ರು" ಎಂದರು, ಆ ಫಿಲ್ಮ್ ಕಾರ್ಖಾನೆ ತಮ್ಮದೇ ಎನ್ನುವ ಹಾಗೆ.

ಮಾರ್ಚ್ 30, ಭಾನುವಾರ, ಮಧ್ಯಾಹ್ನ

ಬಾಗಿಲ ಸಂದಿಗೆ ಕಂಬಳಿ ತುರುಕಿ, ಬಚ್ಚಲಿನ ಕತ್ತಲಲ್ಲಿ ಫಿಲ್ಮ್ ಬಿಚ್ಚಿದೆ. ಬೆರಳಿಗೆ ಸಿಕ್ಕಿತು — ಒಂದು ಜಾಗದಲ್ಲಿ ಎರಡೂ ಅಂಚಿನ ತೂತುಗಳು ಪೂರ್ತಿ ಹರಿದಿವೆ. ಆಗ ತಲೆಗೆ ಹೊಳೆಯಿತು. ಲಿವರ್ ತಿರುಗಿಸುವ ಹಲ್ಲುಗಳಿಗೆ ಹಿಡಿತವೇ ಇರಲಿಲ್ಲ. ಫಿಲ್ಮ್ ಒಂದಿಂಚೂ ಸರಿದಿಲ್ಲ. ಕೌಂಟರ್ ಎಣಿಸಿದ್ದು ನಾನು ಎಳೆದದ್ದನ್ನು. ಅಕ್ಷಯಪಾತ್ರೆಯಂತೆ, ನನ್ನ ತಲೆ!

ಅಂದರೆ ನಾನು ತೆಗೆದದ್ದೆಲ್ಲ ಮಾವನ ಕೊನೆಯ ಫೋಟೊದ ಮೇಲೇ ಬಿದ್ದಿದೆ. ಅದು ಸೈಕಲ್ ಆಗಿದ್ದರೆ ಸಂತೋಷ. ಕಿಟಕಿ ಆಗಿದ್ದರೆ…

ಅತ್ತೆಗೆ ಹೇಳಿಲ್ಲ.

ನಾಲ್ಕು ಗಂಟೆ

ಬಟ್ಟೆ ಒಣಗಿಸುವ ಹಗ್ಗಕ್ಕೆ ಫಿಲ್ಮ್ ನೇತು ಹಾಕಿದೆ. ಮಸುಕು, ಆದರೂ ಇದೆ. ಸೈಕಲ್. ಸೈಕಲ್. ಸೇತುವೆ. ಸೇತುವೆಯ ಮೇಲೆ ಸೈಕಲ್.

"ಹೇಳಿದ್ನಲ್ಲ" ಎಂದರು ಅತ್ತೆ, ನನ್ನ ಬೆನ್ನ ಹಿಂದೆ. ದನಿ ಮಾತ್ರ ಎಂದಿನದಲ್ಲ.

ಕೊನೆಯ ಫ್ರೇಮ್. ಫೋನಿನಲ್ಲಿ ಫೋಟೊ ತೆಗೆದು, ಕಪ್ಪನ್ನು ಬಿಳುಪು ಮಾಡಿ ನೋಡಿದೆ. ಕುಕ್ಕರ್. ಬೆಕ್ಕಿನ ಮೀಸೆ. ಅತ್ತೆಯ ಬೆನ್ನು. ಇವರ ಕಿವಿ, ಮೊರದಷ್ಟು. ನಾನು ತೆಗೆದವೆಲ್ಲ ಕತ್ತಲೆ ಮೂಲೆಯವು, ತೆಳ್ಳಗೆ ಬಿದ್ದಿವೆ, ಅದೇ ಪುಣ್ಯ. ಎಲ್ಲದರ ಹಿಂದೆ ಒಂದು ಕಿಟಕಿ. ಪಕ್ಕದಲ್ಲಿ ಒಬ್ಬ ಹುಡುಗಿ. ಕುತ್ತಿಗೆ ನೆಟ್ಟಗೆ, ಉಸಿರು ಬಿಗಿಹಿಡಿದು ಕೂತಿದ್ದಾಳೆ.

ಅತ್ತೆ ಫೋನ್ ಕಸಿದುಕೊಂಡರು. ಆ ಹುಡುಗಿಯ ಮುಖವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ನನಗೆ ಅಳು ಬಂತು. ಅವರಿಗೆ ಸಿಟ್ಟು ಬಂತು.

"ನಲವತ್ತು ವರ್ಷ ಆದ್ಮೇಲೆ ಸಿಕ್ಕಿದೀನಿ. ಎಲ್ಲ ಬಂದು ಅಡ್ಡ ನಿಂತಿದೀರಲ್ಲ! ಇವನ ಕಿವಿ ಯಾಕೆ ಇಲ್ಲಿ?"

ತೂತು ಹರಿದದ್ದು, ನಾನು ಗುಂಡಿಯನ್ನು ಗಮನಿಸಿಯೂ ಬಿಟ್ಟದ್ದು, ಎಲ್ಲ ಒಪ್ಪಿಸಿದೆ. "ಫಿಲ್ಮ್ ನಿಜವಾಗ್ಲೂ ಕೆಟ್ಟಿತ್ತು ಅತ್ತೆ. ಮಾವ ಸುಳ್ಳು ಹೇಳಿರಲಿಲ್ಲ."

"ಸುಳ್ಳು ಹೇಳೋ ಜಾಣತನ ಅವರಿಗೆಲ್ಲಿತ್ತು?"

ಬೆಳಿಗ್ಗೆಯವರೆಗೆ ನಾಟಕಕಾರರಾಗಿದ್ದ ಮಾವ ಈಗ ಪರಮ ಮುಗ್ಧರು. ಅತ್ತೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗಿನಿಂದ ಯಾರನ್ನೋ ಬೈಯುವ ಸದ್ದು, ಮೆತ್ತಗೆ. ಫೋನ್ ನನ್ನದು. ವಾಪಸ್ ಕೇಳುವ ಧೈರ್ಯವಿಲ್ಲ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ

ನನ್ನ ಕ್ಯಾಮೆರಾದಲ್ಲಿ ಹೊಸ ಫಿಲ್ಮ್. ಬಾಟಲಿಗಳಿಗೆ ಅತ್ತೆ ತಾವೇ ಚೀಟಿ ಅಂಟಿಸಿದ್ದಾರೆ. ಎರಡರ ಮೇಲೂ 'ಫೋಟೊ ಔಷಧಿ'. ರಬ್ಬರ್ ಬ್ಯಾಂಡ್ ಕಿತ್ತು ಡಬ್ಬಿಗೆ ಹಾಕಿದ್ದಾರೆ. ಇರಲಿ, ಮೂಸಿ ನೋಡಿದರಾಯಿತು.

ಆಗಲೇ ತಲೆ ಬಾಚಿ ಕಿಟಕಿಯ ಪಕ್ಕ ಕೂತಿದ್ದಾರೆ. ಮುಖ ಈ ಕಡೆಗೆ! ಇವರನ್ನು ಕಿವಿ ಸಮೇತ ಪಕ್ಕದ ಕೋಣೆಗೆ ಅಟ್ಟಿ ಬಾಗಿಲು ಹಾಕಿಸಿದ್ದಾರೆ.

"ಮೊದಲು ಆ ಗುಂಡಿ ತಿರುಗತ್ತಾ ನೋಡು. ಇನ್ನೂ ನಲವತ್ತು ವರ್ಷ ಕೂರೋಕೆ ನನ್ನ ಕೈಲಾಗಲ್ಲ."

ತಿರುಗುತ್ತಿದೆ. ಎರಡು ಸಲ ನೋಡಿದೆ. ಮಾತಾಡಬೇಡಿ ಎಂದು ನಾನು ಹೇಳಿಲ್ಲ. ಆಡುತ್ತಲೇ ಇದ್ದಾರೆ — ಮಾವನ ಬಗ್ಗೆ, ಆ ದರಿದ್ರ ಸೈಕಲ್ ಬಗ್ಗೆ. ಬೆಳಕು ಕೆನ್ನೆಯ ಮೇಲೆ ಬಂದಿದೆ. ಕರೆಯುತ್ತಿದ್ದಾರೆ. ಬಂದೆ ಅತ್ತೆ, ಈ ಒಂದು ಸಾಲು —