ಮೊಸಳೆಯ ಮುಂದೆ ಒಂದು ಮಾಲೆ ಜಪ

ಅಕ್ಕೋಳ, ತಾ. ನಿಪ್ಪಾಣಿ
೫ ಅಕ್ಟೋಬರ್ ೨೦೨೫, ರವಿವಾರ

ನನ್ನ ಮುದ್ದು ಶ್ರೇಣಿಕಾ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಮೊನ್ನೆ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಪುಣೆಯ ಆ ರಿಪೇರಿ ಅಂಗಡಿಯಲ್ಲಿ ದಿನವಿಡೀ ಹಳೇ ಗೇಮಿನ ಡಬ್ಬಿಗಳನ್ನು ಬಿಚ್ಚಿ ಧೂಳು ಊದುತ್ತ ಕೂತರೆ ಕೆಮ್ಮು ಬರದೆ ಇನ್ನೇನು ಬಂದೀತು? ಬಾಯಿಂದ ಊದಬೇಡ, ಬ್ರಷ್ ಹಿಡಿ. ಹಾಲಿಗೆ ಅರಿಶಿನ ಹಾಕಿಕೊಂಡು ಕುಡಿ. ಹೊತ್ತು ಮುಳುಗುವ ಮೊದಲೇ ಊಟ ಮಾಡು ಎಂದರೆ ನೀನು ಕೇಳುವವನಲ್ಲ, ಅದಕ್ಕೆ ಹೇಳುವುದಿಲ್ಲ. ಹೇಳಿಯೂ ಬಿಟ್ಟೆ ನೋಡು. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನನ್ನ ಮೊಣಕಾಲು ಮಳೆ ನಿಂತ ಮೇಲೆ ಸುಮ್ಮನಾಗಿದೆ. ನಿನ್ನ ಅವ್ವ ಮನಿಷಾ ಇದರ ಜೊತೆ ಶೇಂಗಾದ ಹೋಳಿಗೆ ಕಳಿಸುತ್ತಿದ್ದಾಳೆ, ನಿನ್ನ ರೂಮಿನವರಿಗೂ ಕೊಡು, ಒಬ್ಬನೇ ಮುಕ್ಕಬೇಡ. ನಿನ್ನ ಅಪ್ಪ ಕಬ್ಬಿನ ಹೊಲ, ಕಟಾವಿನ ಗ್ಯಾಂಗು ಎಂದು ಓಡಾಡುತ್ತಿದ್ದಾನೆ. ಅವನೂ ಆರಾಮ.

ಫೋನ್ ಇರುವಾಗ ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಎನ್ನುತ್ತೀ. ಫೋನಿನಲ್ಲಿ ನೀನು "ಹಾಂ ಆಯಿ, ಹೂಂ ಆಯಿ" ಎಂದು ಓಡಿಸಿಕೊಂಡು ಹೋಗುತ್ತೀ. ಅಪ್ಪ ಬಾಗಿಲಲ್ಲಿ ಕಾಣಿಸಿದರೆ ನಾನು ದನಿ ತಗ್ಗಿಸಬೇಕು, ಅಪ್ಪ ಫೋನಿಗೆ ಕೈ ಚಾಚಿದರೆ ನಿನಗೆ ಗಿರಾಕಿ ಬಂದುಬಿಡುತ್ತದೆ. ಏನು ಗಿರಾಕಿಗಳಪ್ಪ, ಸರಿಯಾಗಿ ಅದೇ ಗಳಿಗೆಗೆ! ಯುಗಾದಿಯಾದ ಮೇಲೆ ಅಪ್ಪ-ಮಗ ಒಂದು ಮಾತು ಆಡಿಲ್ಲ. ಈ ಮನೆಯಲ್ಲಿ ನನಗೆ ಇರುವ ಸಂಕಟ ಅದೊಂದೇ. ಇನ್ನು ನೀನು ಪ್ರತಿ ಸಲ ಕೇಳುವ ಪ್ರಶ್ನೆ, "ಆಯಿ, ಹೊಸಾ ಡಬ್ಬಿಯೊಳಗ ನಮ್ಮ ತೆಪ್ಪದಾಟ ಮುಗಿಸಿದೇನ?" ನಾನು ಮಾತು ಹಾರಿಸುತ್ತಿದ್ದೆ. ಇಲ್ಲ ಮಗಾ, ಮುಗಿಸಿಲ್ಲ. ನೀನು ಕಷ್ಟಪಟ್ಟು ಕಳಿಸಿದ ಡಬ್ಬಿಗೆ ಹೆಸರಿಡಲು, ಕೊಂಕು ತೆಗೆಯಲು ಮನಸ್ಸಾಗಲಿಲ್ಲ. ಈಗ ಇಡುತ್ತೇನೆ, ಸಿಟ್ಟಾಗಬೇಡ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನಾವಿಬ್ಬರೂ ಟಿ.ವಿ.ಯಲ್ಲಿ ಆಡುತ್ತಿದ್ದ ಹಳೇ ಆಟವನ್ನೇ ಹೊಸದಾಗಿ ಮಾಡಿದ್ದಾರಲ್ಲ, ನೀನು ರೀಮಾಸ್ಟರ್ ಎನ್ನುತ್ತೀಯಲ್ಲ, ಅದರ ನೀರು ನೋಡಿ ನಾನು ಒಂದು ಗಳಿಗೆ ರಿಮೋಟ್ ಕೈಯಲ್ಲಿ ಹಿಡಿದು ಹಾಗೇ ಕೂತೆ. ನನ್ನ ತವರು ದಿಗ್ಗೇವಾಡಿಯಲ್ಲಿ ಕಾರ್ತೀಕದ ಹೊತ್ತಿಗೆ ಕೃಷ್ಣೆ ತಿಳಿಯಾದಾಗ ಹೀಗೆಯೇ ಕಾಣುತ್ತಾಳೆ. ಅಕ್ಷರಗಳು ದೊಡ್ಡದಾಗಿವೆ, ಚಾಳೀಸು ಇಲ್ಲದೆ ಓದಬಹುದು. ಇಷ್ಟಕ್ಕೆ ಶಭಾಷ್. ಆದರೆ ಆ ತೆಪ್ಪದ ಹುಡುಗಿಯ ಮುಖಕ್ಕೆ ಏನು ಮಾಡಿದ್ದಾರೋ! ಮೊದಲು ಅವಳ ಮುಖ ಎಂದರೆ ನಾಲ್ಕು ಬಣ್ಣದ ಚೌಕ, ಅಷ್ಟೇ. ಆದರೂ ಅವಳು ಹೆದರಿದ್ದು, ನಕ್ಕಿದ್ದು ನನಗೆ ತಿಳಿಯುತ್ತಿತ್ತು. ಈಗ ಸಾಬೂನಿನ ಜಾಹೀರಾತಿನ ಹುಡುಗಿಯ ಹಾಗೆ ಆಗಿದ್ದಾಳೆ, ಮೊಸಳೆ ಬಂದರೂ ಕೂದಲು ಕೆದರುವುದಿಲ್ಲ. ತೆಪ್ಪ ತಂಗುವ ಇರುಳಿನ ಘಾಟುಗಳಲ್ಲಿ ಜೀರುಂಡೆ ಕೂಗುತ್ತಿತ್ತು, ಅದನ್ನು ತೆಗೆದು ಬ್ಯಾಂಡಿನ ಗದ್ದಲ ಹಾಕಿದ್ದಾರೆ. ಎಲ್ಲಿ ನೋಡಿದರೂ ಬಾಣದ ಗುರುತು, ಇಲ್ಲಿ ತಿರುಗು, ಇಲ್ಲಿ ಹತ್ತು. ದಾರಿ ತಪ್ಪುವ ಸುಖವೇ ಹೋಯಿತು. ಹಳೇ ಡಬ್ಬಿ ಒಂದು ಘಾಟಿನಿಂದ ಇನ್ನೊಂದು ಘಾಟಿಗೆ ಹೋಗುವಾಗ ಗುರ್ರ್ ಎಂದು ಯೋಚಿಸುತ್ತಿತ್ತು, ಅಷ್ಟರಲ್ಲಿ ನನ್ನ ನಮೋಕಾರ ಮಂತ್ರ ಮುಗಿಯುತ್ತಿತ್ತು. ಇದಕ್ಕೆ ಪುರುಸೊತ್ತೇ ಇಲ್ಲ. ಬಸದಿಯ ಕಲ್ಲಿನ ಕಂಬಕ್ಕೆ ಯಾರೋ ಪುಣ್ಯಾತ್ಮರು ಆಯಿಲ್ ಪೇಂಟ್ ಹೊಡೆಸಿದ್ದು ನೆನಪಿದೆಯಾ? ನಿನ್ನ ಅಜ್ಜ ವಾರಗಟ್ಟಲೆ ಗೊಣಗಿದ್ದರು. ಈಗ ನನಗೆ ಅವರ ಸಂಕಟ ತಿಳಿಯಿತು.

ಇನ್ನೊಂದು ಮಾತು. ಹೊಸ ಡಬ್ಬಿಗೆ ಬಾಯೇ ಇಲ್ಲವಲ್ಲೋ! ಸಿ.ಡಿ. ಎಲ್ಲಿ ಹಾಕಬೇಕು ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಹಳೇ ಆಟ ಬೇಕೆಂದರೆ ಅದರದೇ ಅಂಗಡಿಯಲ್ಲಿ ಮತ್ತೊಮ್ಮೆ ಕೊಳ್ಳಬೇಕು ಎಂದು ನೀನೇ ಹೇಳಿದೆ. ಇದು ಯಾವ ನ್ಯಾಯ? ನಿನ್ನ ಅವ್ವ ತಂದ ಕರೆಂಟಿನ ಒಲೆಯೂ ಇದೇ ಜಾತಿಯದು, ನನ್ನ ಹಿತ್ತಾಳೆ ಪಾತೇಲಿ ಇಟ್ಟರೆ ಕುಂಯ್ ಕುಂಯ್ ಎಂದು ಕೂಗಿ ಆರಿಹೋಗುತ್ತದೆ. ಹೊಸದು ಬಂದಾಗ ಹಳೆಯದಕ್ಕೂ ಸ್ವಲ್ಪ ಜಾಗ ಬಿಡಬೇಕು, ಅದು ಮನೆಯಾಗಲಿ ಡಬ್ಬಿಯಾಗಲಿ. ನಿನ್ನ ಅಂಗಡಿಗೆ ಜನ ಹಳೇ ಡಬ್ಬಿ ಎತ್ತಿಕೊಂಡು ಯಾಕೆ ಬರುತ್ತಾರೆ ಎಂದು ನಿನ್ನ ಅಪ್ಪನಿಗೆ ಅರ್ಥವಾಗುವುದಿಲ್ಲ, ನನಗೆ ಆಗುತ್ತದೆ. ನೀನು ಮಾಡುತ್ತಿರುವುದು ಒಳ್ಳೆಯ ಕೆಲಸ.

ಈಗ ಮೊಸಳೆಗೆ ಬರೋಣ. ಕಡೆಯ ತಿರುವಿನಲ್ಲಿ ಅದು ಅಡ್ಡ ಮಲಗುತ್ತದೆ, ಹುಟ್ಟುಗೋಲಿನಿಂದ ಚುಚ್ಚಿ ಕೊಂದರೆ ದಾರಿ. ಯುಗಾದಿಯ ಹೊತ್ತಿಗೆ ಹಳೇ ಡಬ್ಬಿಯಲ್ಲಿ ನಾವಿಬ್ಬರೂ ಅಲ್ಲಿಗೆ ಬಂದಾಗ ನಾನು ಒಲ್ಲೆ ಎಂದೆ. ಆಟವಾದರೇನು? ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕೊಯ್ದರೂ ಕೊಂದ ಪಾಪವೇ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು ನಾನು, ಕೊಲ್ಲಬೇಕು ಎಂದು ಮನಸ್ಸು ಮಾಡಿದ್ದೇ ಪಾಪ. ದಿಗ್ಗೇವಾಡಿಯ ದಡದಲ್ಲಿ ಮೊಸಳೆ ಮಲಗಿದ್ದರೆ ನಮ್ಮ ಅಪ್ಪ "ಸುಮ್ಮ ನಿಂದರ, ಅದಕ್ಕೂ ಕೆಲಸ ಇರ್ತೈತಿ, ತಾನ ಹೊಕ್ಕೈತಿ" ಎನ್ನುತ್ತಿದ್ದರು. ಅದಕ್ಕೇ ಹುಟ್ಟುಗೋಲು ಆಡಿಸುವ ನಿನ್ನ ರಿಮೋಟ್, ದೀಪ ಹಿಡಿಯುವ ನನ್ನ ರಿಮೋಟ್, ಎರಡನ್ನೂ ನೆಲಕ್ಕಿಟ್ಟು ನಾನು ಜಪದ ಮಾಲೆ ಹಿಡಿದೆ. ಮಾಲೆ ಮುಗಿಯುವ ಹೊತ್ತಿಗೆ ಮೊಸಳೆ ಕಣ್ಣು ಮುಚ್ಚಿ ಮೆಲ್ಲಗೆ ನೀರಿಗಿಳಿಯಿತು, ನೀನು ಕಿರುಚಿ ಜಿಗಿದೆ. ಆ ಕಿರುಚಾಟಕ್ಕೇ ನಿನ್ನ ಅಪ್ಪ ಒಳಗೆ ಬಂದದ್ದು. "ಇಂವಾ ಹಾಳಾಗಿದ್ದ ಸಾಲ್ದಂಗ ಮುದುಕಿನ್ನೂ ಹಾಳ ಮಾಡಾಕತ್ತಾನ" ಎಂದು ಪ್ಲಗ್ಗು ಕಿತ್ತು ಎಸೆದ. ಘಾಟು ಮುಟ್ಟಿದರೆ ಮಾತ್ರ ಆಟ ಉಳಿಯುವುದು, ನಾವು ಇನ್ನೂ ಮುಟ್ಟಿರಲಿಲ್ಲ. ನೀನು ಎದ್ದು ಹೋದೆ, ಮಾರನೇ ವಾರ ಪುಣೆ. ನೀನು ಹೋದದ್ದು ಆಟಕ್ಕಾಗಿ ಅಲ್ಲ, ಆ "ಹಾಳಾದ" ಎಂಬ ಮಾತಿಗಾಗಿ. ನನಗೆ ಗೊತ್ತು.

ಹೊಸ ಡಬ್ಬಿ ಬಂದಾಗ ನಾನು ಕುಣಿದಾಡಿದೆ. ಮೊದಲ ಘಾಟಿನ ನೀರು ನೋಡಿ ಮೈಮರೆತು, ಆಚೆ ಏನಿದೆ ಎಂದು ನೋಡದೇ ಒಂದು ಪೆದ್ದತನ ಮಾಡಿದೆ. ದಶಲಕ್ಷಣದ ಪರ್ವದಲ್ಲಿ ಉತ್ತಮ ತ್ಯಾಗದ ದಿನ, ಬಸದಿಯಲ್ಲಿ ಮುನಿ ಮಹಾರಾಜರು ಪ್ರವಚನ ಹೇಳಿದರು: ಮನೆಯಲ್ಲಿ ಎರಡು ಇದ್ದರೆ, ಮನಸ್ಸಿಗೆ ಹೆಚ್ಚು ಅಂಟಿಕೊಂಡದ್ದನ್ನು ಕೊಡಿ. ಬೇರೆಯವರು ಸೀರೆ ಕೊಟ್ಟರು, ತಾಮ್ರದ ಕೊಡ ಕೊಟ್ಟರು. ನನ್ನ ಹತ್ತಿರ ಎರಡು ಇದ್ದದ್ದು ಗೇಮಿನ ಡಬ್ಬಿ! ಹಳೆಯದನ್ನು ಒರೆಸಿ, ಸಿ.ಡಿ., ಮೆಮೊರಿ ಕಾರ್ಡು, ಎರಡೂ ರಿಮೋಟ್ ಸಮೇತ ಒಯ್ದು ನನ್ನ ಗೆಳತಿ ಶಹಜಾದಬಿಯ ಸೊಸೆ ಫರಹೀನಳ ಕೈಗೆ ಕೊಟ್ಟುಬಂದೆ. ಕಿಟಕಿಯಲ್ಲಿ ನಿಂತು ನಮ್ಮ ಆಟ ನೋಡುತ್ತಿದ್ದವಳು ಅವಳು, ಎಷ್ಟು ಖುಷಿಪಟ್ಟಳು ಅಂತೀ! ಪರ್ವ ಮುಗಿದು, ಎಲ್ಲರ ಕ್ಷಮೆ ಕೇಳುವ ಕ್ಷಮಾವಾಣಿಯೂ ಮುಗಿದ ಮೇಲೆ ಹೊಸ ಡಬ್ಬಿಯಲ್ಲಿ ಮೊಸಳೆಯವರೆಗೆ ಬಂದೆ, ಇದರಲ್ಲಿ ಒಬ್ಬರೇ ಆಡಬಹುದು. ರಿಮೋಟ್ ಇಟ್ಟೆ, ಮಾಲೆ ಹಿಡಿದೆ. ಗಬಕ್ ಎಂದು ಹುಡುಗಿಯನ್ನು ನುಂಗಿಬಿಟ್ಟಿತು! ಮತ್ತೆ ಕೂತೆ, ಮತ್ತೆ ನುಂಗಿತು. ಫರಹೀನ ಮೊಬೈಲಿನಲ್ಲಿ ನೋಡಿ ಹೇಳಿದಳು, ಸುಮ್ಮನೆ ಕೂತರೆ ಮೊಸಳೆ ನೀರಿಗಿಳಿಯುತ್ತಿದ್ದದ್ದು ಹಳೇ ಆಟದ ತಪ್ಪಂತೆ, ಹೊಸದರಲ್ಲಿ ತಿದ್ದಿದ್ದಾರಂತೆ. ತಪ್ಪಂತೆ! ಇಡೀ ಆಟದಲ್ಲಿ ನನಗೆ ಸರಿ ಕಂಡದ್ದು ಅದೊಂದೇ. ಈಗ ಬಾಣದ ಗುರುತು ಬೇರೆ ಹಾಕಿದ್ದಾರೆ, ಇಲ್ಲಿ ಚುಚ್ಚು ಎಂದು.

ಅಂದು ನಾನು ಅತ್ತೆ, ನಗಬೇಡ. ಚುಚ್ಚಿದರೆ ನನ್ನ ನೇಮ ಹೋಗುತ್ತದೆ, ಬಿಟ್ಟರೆ ನನ್ನ-ನಿನ್ನ ಆಟ ಅಲ್ಲೇ ನಿಲ್ಲುತ್ತದೆ. "ಹೋಗಿ ಇಸ್ಕೊಂಡ ಬಾ ಅವ್ವಾ, ಅದರಾಗೇನೈತಿ" ಎಂದ ನಿನ್ನ ಅಪ್ಪ. ತ್ಯಾಗ ಮಾಡಿದ್ದನ್ನು ಇಸ್ಕೊಳ್ಳುವುದೇ? ಎರಡು ದಿನದ ಮಟ್ಟಿಗೆ ಕೇಳಿ ತರುತ್ತೇನೆ ಎಂದಳು ನಿನ್ನ ಅವ್ವ. ಕೇಳಿದರೆ ಕೊಟ್ಟದ್ದಾದರೂ ಏನು ಬಂತು? ಇಬ್ಬರನ್ನೂ ಬೈದು ಕೂರಿಸಿದೆ. ಆಮೇಲೆ ಒಂದು ಮಧ್ಯಾಹ್ನ ಫರಹೀನಳೇ ಬಂದು ಬಾಗಿಲಲ್ಲಿ ನಿಂತಳು: "ಆಯೀ, ನೀವ್ ಕೊಟ್ಟಿದ್ದ ಒಬ್ಬಾಕಿಗೆ ಆಡಾಕ ಬರೂದಿಲ್ರಿ. ಕೋಲ ನಾ ಹಿಡಿತೀನಿ, ದೀಪಾ ಹಿಡ್ಯಾಕ ಯಾರೂ ಇಲ್ಲ. ಬರ್ರಿ." ಕರೆದವರ ಮನೆಗೆ ಹೋಗಲು ಯಾವ ಅಡ್ಡಿ? ಅಂದಿನಿಂದ ಮಧ್ಯಾಹ್ನ ನಾನು ಅಲ್ಲಿ. ಶಹಜಾದಬಿ ನನಗಾಗಿ ಹೊಸ ಕೊಡ ತಂದು, ನೀರು ಸೋಸಿ ಕಾಯಿಸಿ ಇಡುತ್ತಾಳೆ. "ಮೊಸಳಿಗೂ ಪ್ರವಚನ ಹೇಳಾಕ ಬಂದಾಳ ನೋಡ್ರಿ ನಮ್ಮ ಸುಗಂಧಾ" ಎಂದು ಓಣಿಗೆಲ್ಲ ಕೇಳುವ ಹಾಗೆ ಚಾಷ್ಟಿ ಮಾಡುತ್ತಾಳೆ. ಫರಹೀನಳ ಕೈ ಚುಚ್ಚಲು ಕಡಿಯುತ್ತದೆ, "ಆಯೀ, ಇದ ಬರೇ ಆಟರೀ" ಎನ್ನುತ್ತಾಳೆ, ಆದರೂ ನನ್ನ ಮಾತಿಗೆ ರಿಮೋಟ್ ಇಡುತ್ತಾಳೆ. ಒಳ್ಳೆಯ ಹುಡುಗಿ.

ಎಲ್ಲ ಸರಿಹೋದರೂ ಕರೆಂಟು ಬಿಡಲಿಲ್ಲ. ಮಾಲೆ ಅರ್ಧ ಆಗುವಷ್ಟರಲ್ಲಿ ಟಪ್ ಎಂದು ಹೋಗುವುದು, ಮತ್ತೆ ಹಿಂದಿನ ಘಾಟಿನಿಂದ ಶುರು. ಹೊತ್ತು ಇಳಿದ ಮೇಲೆ ನನಗೆ ಊಟ, ಬಸದಿಯ ಆರತಿ, ಆಗ ಹೋಗುವ ಹಾಗಿಲ್ಲ. ಸೋತು ಹೋಗಿದ್ದೆ ಕಣೋ. ಮನೆಯಲ್ಲಿ ಮೂರು ಹೊತ್ತೂ ಕರೆಂಟಿನವರಿಗೆ ಬಯ್ಯುವುದೇ ನನ್ನ ಕೆಲಸವಾಗಿತ್ತು. ಆದರೆ ಮೊನ್ನೆ ಶುಕ್ರವಾರ ಕರೆಂಟು ಹೋದರೂ ಟಿ.ವಿ. ಆರಲಿಲ್ಲ. ಅದು ಹೇಗೆ ಎಂದು ಬರೆಯಬಾರದು ಎಂದು ಒಬ್ಬರು ನನಗೆ ಹೇಳಿದ್ದಾರೆ, ಅದಕ್ಕೆ ಬರೆಯುವುದಿಲ್ಲ. ಮಾಲೆಯ ಕಡೆಯ ಮಣಿಗೆ ಬಂದೆ. ಮೊಸಳೆ ಕಣ್ಣು ಮುಚ್ಚಿತು, ಮೆಲ್ಲಗೆ ನೀರಿಗಿಳಿಯಿತು. ಶಹಜಾದಬಿ ಬಾಯಿಗೆ ಸೆರಗು ಹಿಡಿದಳು, ಫರಹೀನ ನನ್ನನ್ನು ತಬ್ಬಿಕೊಂಡಳು. ಈ ಸಲ ಘಾಟು ಮುಟ್ಟಿದೆವು, ಆಟ ಉಳಿಯಿತು. ಅಲ್ಲಿಂದ ಆಚೆಯ ದಡ ಕಾಣುತ್ತದೆ ಶ್ರೇಣಿಕಾ, ಒಂದು ಸಣ್ಣ ದೀಪದ ಮನೆ ಇದೆ. ಫರಹೀನ ಹೋಗೋಣ ಎಂದಳು. ನಾನು ಬೇಡ ಎಂದೆ. ತೆಪ್ಪ ಕಟ್ಟಿದೆ. ಕೋಲು ಹಿಡಿಯುವವನು ಬಂದ ಮೇಲೆ ಬಿಚ್ಚೋಣ. ಅವಳೂ ಒಪ್ಪಿದ್ದಾಳೆ. ನನಗೆ ಅವಸರವಿಲ್ಲ, ಇಷ್ಟಕ್ಕೇ ಮನಸ್ಸು ತುಂಬಿದೆ.

ಮೈ ಕಡೆ ಲಕ್ಷ್ಯವಿರಲಿ. ಅಂಗಡಿಯ ಮಾಲೀಕರಿಗೆ ನನ್ನ ಜೈ ಜಿನೇಂದ್ರ ಹೇಳು, ಹಳೇ ಡಬ್ಬಿಗಳನ್ನು ಬದುಕಿಸುವವರು ನೂರು ವರ್ಷ ಇರಲಿ. ನಿನಗೆ ನಿನ್ನ ಅವ್ವನ, ಶಹಜಾದಬಿಯ, ಫರಹೀನಳ ನೆನಪುಗಳು, ನನ್ನ ಕೈ ಸದಾ ನಿನ್ನ ತಲೆಯ ಮೇಲೆ.

ನಿನ್ನ ದೀಪ ಹಿಡಿಯುವ ಆಯಿ,
ಸುಗಂಧಾ

ತಾ.ಕ.: ನಿನ್ನ ಅಪ್ಪ ಹೊಲಕ್ಕೆ ಹೋಗಿದ್ದಾನೆ, ಬರುವುದರೊಳಗೆ ಗೀಚುತ್ತೇನೆ, ಬರೆಯಬೇಡ ಎಂದವನು ಅವನೇ. ಶುಕ್ರವಾರ ನಮ್ಮ ಮನೆಯ ಇನ್ವರ್ಟರು, ಬ್ಯಾಟರಿ ಎರಡನ್ನೂ ಬಿಚ್ಚಿ, ಎರಡು ಓಣಿಯಾಚೆ ಶಹಜಾದಬಿಯ ಮನೆಗೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ತಾನೇ ತಂತಿ ಜೋಡಿಸಿ, ಯಾರ ಕಾಲೂ ತಾಗಬಾರದೆಂದು ಮಾಲೆ ಮುಗಿಯುವವರೆಗೆ ಆ ಪ್ಲಗ್ಗನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಕೂತಿದ್ದ. ಮೊಸಳೆ ಹೋದ ಮೇಲೆ "ಅವತ್ತೂ ಇಲ್ಲೀಮಟಾ ಬಂದಿದ್ರೇನ ಅವ್ವಾ?" ಎಂದು ಕೇಳಿದ. ಹೌದು ಎಂದೆ. ನಿನ್ನೆ ಬ್ಯಾಟರಿ ವಾಪಸು ತಾ ಎಂದರೆ, "ಅಲ್ಲೇ ಇರ್ಲಿ, ದೀಪಾವಳಿಗೆ ಅಂವಾ ಬಂದ್ರ ಆಡಾಕ ಬೇಕಾಕ್ಕೈತಿ" ಎಂದ. ಇಲ್ಲಿ ಕರೆಂಟು ಹೋದಾಗಲೆಲ್ಲ ಕತ್ತಲಲ್ಲೇ ಕೂತು ಟವೆಲಿನಿಂದ ಸೊಳ್ಳೆ ಓಡಿಸಿಕೊಳ್ಳುತ್ತಾನೆ, ಬ್ಯಾಟರಿ ಮಾತ್ರ ತರಲು ಒಲ್ಲ. ಬೇಗ ಬಾ.